ಕಿಟಕಿ ಮುಚ್ಚಿದರೆ ರದ್ದಾಗುವುದಿಲ್ಲ

ಉದ್ದ ಪೋಸ್ಟ್. ಪುರುಸೊತ್ತು ಮಾಡಿಕೊಂಡು ಓದಿ. ಊರೂರು ತಿರುಗಿ ಹಿರಿಯರ ಮಾತು ರೆಕಾರ್ಡ್ ಮಾಡುವವರು, ಹೋರಾಟದ ಫೋಟೊ, ವಿಡಿಯೊ, ಅರ್ಜಿ, ಎಫ್‌ಐಆರ್ ಕಾಪಿ ಎಲ್ಲ ಒಂದು ಕಡೆ ಕೂಡಿಡುವವರು ದಯವಿಟ್ಟು ಕೊನೆವರೆಗೂ ಓದಿ. ನಾನು ಮಾಡಿದ ತಪ್ಪು ನೀವು ಮಾಡಬೇಡಿ ಅಂತಲೇ ಬರೀತಿದ್ದೇನೆ.

ಈ ಮಳೆಗಾಲದಲ್ಲಿ ನಾನು ಒಂದು ದೊಡ್ಡ ಫೈಲಿನ ಅಪ್‌ಲೋಡನ್ನು ಅರ್ಧದಲ್ಲಿ ರದ್ದು ಮಾಡಿದೆ. ಒಂಬತ್ತು ರಾತ್ರಿ ಕೂತು ಏರಿಸಿದ್ದು. ನಮ್ಮ ಎಂಟು ವರ್ಷದ ಓಡಾಟ ಅದರೊಳಗೆ ಇತ್ತು. ಇನ್ನು ನಾಲ್ಕು ರಾತ್ರಿ ಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಯಾಕೆ ರದ್ದು ಮಾಡಿದೆ, ರದ್ದು ಮಾಡಿದೆ ಅಂದುಕೊಂಡದ್ದು ಹೇಗೆ ರದ್ದೇ ಆಗಿರಲಿಲ್ಲ, ಅದನ್ನೇ ಹೇಳಬೇಕು.

ಮೊದಲು ಹಿನ್ನೆಲೆ. 2016ರಲ್ಲಿ ನಾವು ನಾಲ್ಕೈದು ಜನ ಸೇರಿ ಹಿರಿಯರ ಮಾತು ದಾಖಲು ಮಾಡುವ ಕೆಲಸ ಶುರು ಮಾಡಿದೆವು. ಆಗ ಬೈಂದೂರು ಕುಂದಾಪುರ ತಾಲ್ಲೂಕಿನಲ್ಲೇ ಇತ್ತು, ಬ್ರಹ್ಮಾವರ ಉಡುಪಿ ತಾಲ್ಲೂಕಿನಲ್ಲಿತ್ತು. 2018ರಲ್ಲಿ ಎರಡೂ ಬೇರೆ ತಾಲ್ಲೂಕು ಆದವು. ನಮ್ಮ ಫೋಲ್ಡರ್ ಕೂಡ ಮೂರಾಯಿತು. ಶಿರೂರು ಕಡೆಯಿಂದ ಹಿಡಿದು ಬಾರ್ಕೂರು ಕಡೆವರೆಗೆ 61 ಜನರನ್ನು ಮಾತಾಡಿಸಿದ್ದೇವೆ. ಯಾರ ಫಂಡೂ ಇಲ್ಲ, ಪ್ರಾಜೆಕ್ಟೂ ಅಲ್ಲ. ಒಬ್ಬರ ಬೈಕು, ಇನ್ನೊಬ್ಬರ ಮೊಬೈಲು, ಮತ್ತೊಬ್ಬರ ರಜೆ.

ಏನು ಮಾತು? ಒಡೆಯರ ಮನೆಯ ಹಿಂದಿನ ಅಂಗಳದಲ್ಲಿ ಗೆರಟೆಯಲ್ಲಿ ಕುಡಿದ ನೀರು. ನೇಜಿ ನೆಟ್ಟ ದಿನದ ಕೂಲಿ ಎಷ್ಟು ಸೇರು ಅಕ್ಕಿ. 1974ರ ಭೂಸುಧಾರಣೆ ಬಂದಾಗ ಊರಿನವರೆಲ್ಲ ಡಿಕ್ಲರೇಶನ್ ಹಾಕಿದರೂ ಗೇಣಿ ಚೀಟಿ ಇಲ್ಲದ ನಮ್ಮ ಅಜ್ಜಂದಿರು ಸುಮ್ಮನೆ ನಿಂತು ನೋಡಿದ್ದು. ಯಾಕಂದರೆ ಅವರು ಗೇಣಿದಾರರೇ ಆಗಿರಲಿಲ್ಲ, ಆಳುಗಳಾಗಿದ್ದರು. ಕಾನೂನು 'ಉಳುವವನಿಗೆ ಭೂಮಿ' ಅಂದಿತು, ಉತ್ತವರ ಹೆಸರು ಕಾಗದದಲ್ಲಿ ಇರಲಿಲ್ಲ. ಇಂಥವು.

ಕೊರಗ ಸಮುದಾಯದ ಹಿರಿಯರೂ ಮಾತಾಡಿದರು. ಡೋಲು, ಬುಟ್ಟಿ, ಕಾಡು, ಆಮೇಲೆ ಅಜಲು. ಅಜಲು ಅಂದರೆ ಏನು ಅಂತ ಕರಾವಳಿಯ ಹೊರಗಿನ ಗೆಳೆಯರಿಗೆ ಹೇಳುತ್ತೇನೆ. ಮೇಲ್ಜಾತಿ ಮನೆಯವರ ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು. ಮನೆಗೆ ಬರುವ ಕೇಡು ಇವರ ಹೊಟ್ಟೆಗೆ ಹೋಗಲಿ ಅಂತ. ಕಂಬಳದಲ್ಲಿ ಕೋಣಗಳ ಮುಂದೆ ಓಡಿಸುವುದು. ಕರೆದಾಗ ಡೋಲು ಹಿಡಿದು ಬರಲೇಬೇಕು, ಕೂಲಿ ಕೇಳುವ ಹಾಗಿಲ್ಲ. ಇದನ್ನು ನಿಷೇಧಿಸಿ ಕರ್ನಾಟಕ ಸರಕಾರ ಬೇರೆ ಕಾಯ್ದೆಯನ್ನೇ ತಂದದ್ದು 2000ದಲ್ಲಿ. ನೆನಪಿರಲಿ, 1900 ಅಲ್ಲ, 2000. ನನ್ನ ಓರಗೆಯವರು ಆಗ ಶಾಲೆಗೆ ಹೋಗುತ್ತಿದ್ದೆವು.

ಇದೆಲ್ಲ ಎರಡು ಹಾರ್ಡ್ ಡಿಸ್ಕಿನಲ್ಲಿತ್ತು. ನಮ್ಮ ಊರಿನ ಹವೆ ನಿಮಗೆ ಗೊತ್ತಲ್ಲ. ಜೂನ್ ಬಂತೆಂದರೆ ಪುಸ್ತಕಕ್ಕೆ ಬೂಸ್ಟು, ಕ್ಯಾಮೆರಾ ಲೆನ್ಸಿಗೆ ಬೂಸ್ಟು. ಕಳೆದ ವರ್ಷ ಒಂದು ಡಿಸ್ಕು ಟಕ್ ಟಕ್ ಅಂತ ಸದ್ದು ಮಾಡಿ ನಿಂತಿತು. ಉಳಿದದ್ದು ಒಂದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಾಬಾಸಾಹೇಬರು 1956ರಲ್ಲಿ ತೀರಿಕೊಂಡರು. ಅವರು ಬರೆದಿಟ್ಟ ಹಸ್ತಪ್ರತಿಗಳು ವರ್ಷಗಟ್ಟಲೆ ಪೆಟ್ಟಿಗೆಗಳಲ್ಲಿ ಬಿದ್ದಿದ್ದವು. ಮಹಾರಾಷ್ಟ್ರ ಸರಕಾರ ಅವರ ಬರಹ ಮತ್ತು ಭಾಷಣಗಳ ಮೊದಲ ಸಂಪುಟ ತಂದದ್ದು 1979ರಲ್ಲಿ. ಸಂವಿಧಾನ ಬರೆದವರ ಕಾಗದಕ್ಕೇ ಇಪ್ಪತ್ತಮೂರು ವರ್ಷ ಅಂದಮೇಲೆ ನಮ್ಮ ಅಜ್ಜಿಯರ ಮಾತಿಗೆ ಯಾರು ದಿಕ್ಕು?

ಹಾಗಾಗಿ ಕ್ಲೌಡಿಗೆ ಹಾಕುವುದು ಅಂತ ತೀರ್ಮಾನ ಆಯಿತು. ಅದರಲ್ಲಿ ಆರ್ಕೈವ್ ಸ್ಟೋರೇಜ್ ಅಂತ ಒಂದು ಬಗೆ ಇದೆ. ನಮ್ಮ ಮನೆಗಳಲ್ಲಿ ಅಟ್ಟ ಇರುತ್ತದಲ್ಲ, ಹಾಗೆ. ದಿನಾ ಬೇಕಾಗದ್ದನ್ನು ಮೇಲೆ ಹಾಕುವುದು. ಬಾಡಿಗೆ ತೀರಾ ಕಡಿಮೆ, ಜಿಬಿಗೆ ತಿಂಗಳಿಗೆ ಪೈಸೆ ಲೆಕ್ಕ. ಆದರೆ ಇಳಿಸಬೇಕು ಅಂದಾಗ ತಕ್ಷಣ ಸಿಗುವುದಿಲ್ಲ, ಗಂಟೆಗಟ್ಟಲೆ ಕಾಯಬೇಕು. ಇಟ್ಟ ಮೇಲೆ ಕನಿಷ್ಠ ಇಷ್ಟು ದಿನ ಇಡಲೇಬೇಕು ಅಂತಲೂ ಇದೆ, ಕೆಲವದಕ್ಕೆ 90 ದಿನ, ಕೆಲವದಕ್ಕೆ 180 ದಿನ. ಮೊದಲೇ ತೆಗೆದರೂ ಅಷ್ಟು ದಿನದ ಬಾಡಿಗೆ ಕೊಡಬೇಕು.

ಇಲ್ಲಿ ನಾನು ಮೊದಲ ತಪ್ಪು ಮಾಡಿದೆ. 61 ಜನರ ರೆಕಾರ್ಡಿಂಗ್, ಫೋಟೊ, ಕಾಗದಪತ್ರ ಎಲ್ಲ ಸೇರಿಸಿ ಒಂದೇ ಗಂಟು ಕಟ್ಟಿದೆ. ಒಂದೇ ಫೈಲು, 412 ಜಿಬಿ. ಬೇರೆ ಬೇರೆ ಹಾಕಿದರೆ ತಲೆನೋವು, ಒಂದೇ ಆದರೆ ಒಮ್ಮೆ ಹಾಕಿ ಮರೆತುಬಿಡಬಹುದು ಅಂತ. ಮರೆತುಬಿಡಬಹುದು! ಆ ಮಾತೇ ನನಗೆ ಆಗ ತಪ್ಪು ಅನ್ನಿಸಲಿಲ್ಲ.

ಅಷ್ಟು ದೊಡ್ಡ ಫೈಲು ಒಂದೇ ಸಲಕ್ಕೆ ಹೋಗುವುದಿಲ್ಲ. ತುಂಡು ಮಾಡಿ ಕಳಿಸಬೇಕು. ನಮ್ಮದು 64 ಎಂಬಿಯ ಸುಮಾರು 6,600 ತುಂಡು. ನಮ್ಮ ಮನೆಯ ಇಂಟರ್‌ನೆಟ್ಟಿನಲ್ಲಿ ಒಂದು ತುಂಡು ಹೋಗಲು ಹತ್ತಿರ ಹತ್ತಿರ ಒಂದು ನಿಮಿಷ. ಶುರು ಮಾಡುವಾಗ ಕಂಪನಿ ಆ ಅಪ್‌ಲೋಡಿಗೆ ಒಂದು ಐಡಿ ಕೊಡುತ್ತದೆ. ಪ್ರತಿ ತುಂಡೂ ಆ ಐಡಿ ಹೇಳಿಕೊಂಡು ಹೋಗಿ ತನ್ನ ನಂಬರಿನ ಜಾಗದಲ್ಲಿ ಕೂರುತ್ತದೆ. ಎಲ್ಲ ಬಂದಮೇಲೆ ನಾವು 'ಮುಗಿಯಿತು' ಅಂತ ಹೇಳಬೇಕು. ಆಗ ಮಾತ್ರ ಅವೆಲ್ಲ ಕೂಡಿ ಒಂದು ಫೈಲು ಆಗುತ್ತದೆ. ಅಲ್ಲಿಯವರೆಗೆ ಅದು ಫೈಲೂ ಅಲ್ಲ, ಏನೂ ಅಲ್ಲದ್ದೂ ಅಲ್ಲ.

ಡಿಸೆಂಬರಿನಲ್ಲಿ ಒಮ್ಮೆ ಶುರು ಮಾಡಿದ್ದೆ, ಲ್ಯಾಪ್‌ಟಾಪ್ ಕೆಟ್ಟು ನಿಂತಿತು. ಮಾರ್ಚಿನಲ್ಲಿ ಇನ್ನೊಮ್ಮೆ, ಆಗ ಬೇರೆ ಕೆಲಸ ಬಂದು ಬಿಟ್ಟುಬಿಟ್ಟೆ. ಎರಡು ಸಲವೂ ಕಿಟಕಿ ಮುಚ್ಚಿದೆ, ಹೋಯಿತು ಅಂದುಕೊಂಡೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೇನೆ.

ಜೂನಿನಲ್ಲಿ ಮೂರನೇ ಸಲ ಗಟ್ಟಿ ಮನಸ್ಸು ಮಾಡಿ ಕೂತೆ. ರಾತ್ರಿ ಹತ್ತಕ್ಕೆ ಹಚ್ಚುವುದು, ಬೆಳಿಗ್ಗೆ ಆರಕ್ಕೆ ನಿಲ್ಲಿಸುವುದು. ಗಾಳಿ ಮಳೆಗೆ ಕರೆಂಟ್ ಹೋದರೆ ಎದ್ದು ನೋಡಿ ನಿಂತಲ್ಲಿಂದ ಮತ್ತೆ ಹಚ್ಚುವುದು. ಒಂಬತ್ತನೇ ಬೆಳಿಗ್ಗೆ ನೋಡಿದರೆ 4,700 ದಾಟಿತ್ತು. ನೂರಕ್ಕೆ ಎಪ್ಪತ್ತೊಂದು.

ಅದೇ ದಿನ ಬೈಂದೂರು ಕಡೆಯಿಂದ ಫೋನು ಬಂತು. ನಮ್ಮ ತಂಡದ ಹುಡುಗ ಒಬ್ಬ, ಕ್ಲೌಡಿಗೆ ಹಾಕುತ್ತಿರುವ ವಿಷಯ ಮನೆಮನೆಗೆ ಹೋಗಿ ಹೇಳುತ್ತಿದ್ದ. ಹೌದು, ಹಾಕಲು ಶುರು ಮಾಡಿದ ಮೇಲೆ ಹೇಳಲು ಹೋದದ್ದು. ಅದೂ ನಮ್ಮದೇ ತಪ್ಪು. "ಅಣ್ಣಾ, ಅಜ್ಜಿ ಬೇಡ ಅಂತಿದ್ರ್. ನೀವೇ ಒಂದ್ಸಲ ಬನ್ನಿ" ಅಂದ.

ಹೋದೆ. ಯಾವ ಕಾಲೊನಿ, ಯಾರು ಅಂತ ಬರೆಯುವುದಿಲ್ಲ. ಕೊರಗ ಸಮುದಾಯದ ಅಜ್ಜಿ. 2017ರಲ್ಲಿ ಎರಡು ಮಧ್ಯಾಹ್ನ ನನ್ನ ಜೊತೆ ಮಾತಾಡಿದ್ದರು. ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಆ ಕಾಗದ ನನ್ನ ಚೀಲದಲ್ಲೇ ಇತ್ತು. ಯಾಕೆ ತೆಗೆದುಕೊಂಡು ಹೋಗಿದ್ದೆ ಅಂತ ಈಗ ಕೇಳಿಕೊಂಡರೆ ನಾಚಿಕೆ ಆಗುತ್ತದೆ.

ಅಜ್ಜಿ ಜಗಲಿಯಲ್ಲಿ ಬುಟ್ಟಿ ಹೆಣೆಯುತ್ತಾ ಕೂತಿದ್ದರು. ಕೈ ನಿಲ್ಲಿಸಲಿಲ್ಲ.

"ಮೋಡದ ಒಳ್ಗೆ ಇಡುದ್ ಅಂಬ್ರಲೆ ಮಗಾ, ಹೌದಾ?"

ನಾನು ನಕ್ಕೆ. ಅದು ಮೋಡ ಅಲ್ಲ ಅಜ್ಜಿ, ದೂರದಲ್ಲಿ ದೊಡ್ಡ ದೊಡ್ಡ ಕಟ್ಟಡ, ಅದರ ತುಂಬ ಕಂಪ್ಯೂಟರು, ಅಲ್ಲಿ ಭದ್ರವಾಗಿ ಇರುತ್ತದೆ ಅಂತ ಹೇಳಿದೆ. ಯಾರ ಕಟ್ಟಡ ಅಂತ ಕೇಳಿದರು. ಕಂಪನಿಯದ್ದು ಅಂದೆ. ಆ ಕಂಪನಿಯವರು ನಿನಗೆ ಗುರ್ತವಾ ಅಂತ ಕೇಳಿದರು. ಇಲ್ಲ ಅಂದೆ.

"ನಾ ಹೇಳಿದ್ದ್ ನಿಂಗೆ. ನೀ ಅತ್ತೆ, ನಾನೂ ಅತ್ತೆ. ಅಲ್ಲಿಗ್ ಆಯ್ತ್. ಈಗ ಹುಡ್ಗಿ ಮದಿ ಆಪ್ದ್ ಇತ್ತ್. ನಾ ಉಂಡದ್ದ್ ನನ್ ಹೊಟ್ಟಿಗ್ ಗೊತ್ತ್. ಅವ್ಳ್ ಮಕ್ಳಿಗ್ ಎಂತಕ್ ಗೊತ್ತಾಯ್ಕ್? ಬ್ಯಾಡ, ತೆಗಿ."

ಹುಡುಗಿ ಅಂದರೆ ಮೊಮ್ಮಗಳು. ಓದಿದ್ದಾಳೆ, ಕೆಲಸದಲ್ಲಿದ್ದಾಳೆ. ನಾನು ಸಮಜಾಯಿಷಿ ಕೊಡಲು ಶುರು ಮಾಡಿದೆ. ಯಾರೂ ಕೇಳಲು ಆಗುವುದಿಲ್ಲ, ಬೀಗ ಇದೆ, ಪಾಸ್‌ವರ್ಡ್ ಇದೆ. ಅಜ್ಜಿ ಬಳ್ಳಿ ಎಳೆದು ಬಿಗಿ ಮಾಡಿ ನನ್ನ ಮುಖ ನೋಡಿದರು. ನಾನು ಸುಮ್ಮನಾದೆ. ಚೀಲದಲ್ಲಿದ್ದ ಕಾಗದ ಹೊರಗೆ ತೆಗೆಯಲಿಲ್ಲ. ಅಷ್ಟು ಬುದ್ಧಿ ಉಳಿದಿತ್ತು.

ರಾತ್ರಿ ಕುಂದಾಪುರದಲ್ಲಿ ಗೆಳೆಯನ ರೂಮಿನಲ್ಲಿ ಸೇರಿದೆವು. ಜೋರು ಚರ್ಚೆ. ಒಬ್ಬ ಸಂಗಾತಿ ಹೇಳಿದ ಮಾತು ತೆಗೆದುಹಾಕುವಂಥದ್ದಲ್ಲ. "ಇದು ಬರೀ ಅಜ್ಜಿಯ ಕಥೆ ಅಲ್ಲ, ಸಾಕ್ಷಿ. ಹೀಗೆ ಮಾತಾಡಿದವರು ಇದ್ದದ್ದರಿಂದಲೇ 2000ದ ಕಾಯ್ದೆ ಬಂತು. ನಾಳೆ ಅಜಲು ಎನ್ನುವುದೇ ಇರಲಿಲ್ಲ, ಅದು ಸಂಪ್ರದಾಯ, ಪ್ರೀತಿಯಿಂದ ಕೊಡುತ್ತಿದ್ದ ಅನ್ನ ಅಂತ ಯಾರಾದರೂ ಬರೆದರೆ ನಾವು ಎಂತ ತೋರಿಸುವುದು?" ಅಂದ. ಇನ್ನೊಬ್ಬ, "ಅರ್ಧ ಆದ ಅಪ್‌ಲೋಡನ್ನು ಯಾರೂ ತೆರೆಯಲೇ ಆಗುವುದಿಲ್ಲ. ಮುಗಿಸಿ ಇಟ್ಟುಬಿಡಿ, ಐವತ್ತು ವರ್ಷದ ಮೇಲೆ ನೋಡುವಾ. ಅಜ್ಜಿಗೆ ತೆಗೆದಿದ್ದೇವೆ ಅಂದರೆ ಆಯಿತಪ್ಪ" ಅಂದ.

ಸುಳ್ಳು ಹೇಳುವುದಿಲ್ಲ. ನನ್ನ ತಲೆಯಲ್ಲೂ ಅದೇ ಇತ್ತು. ಅಜ್ಜಿ ಕ್ಲೌಡ್ ತೆರೆದು ನೋಡುತ್ತಾರಾ? ಬರೀ ಅವರೊಬ್ಬರನ್ನು ತೆಗೆಯುತ್ತೇನೆ ಅಂದರೂ ಆಗುತ್ತಿರಲಿಲ್ಲ. ಗಂಟು ಒಂದೇ. ಫೋಲ್ಡರುಗಳು ಇಂಗ್ಲಿಷ್ ಅಕ್ಷರದ ಪ್ರಕಾರ ಕೂತಿದ್ದವು, ಮೊದಲು ಬ್ರಹ್ಮಾವರ, ಆಮೇಲೆ ಬೈಂದೂರು, ಕೊನೆಗೆ ಕುಂದಾಪುರ. ಅಂದರೆ ಅಜ್ಜಿಯ ಮಾತು ಆಗಲೇ ಹೋಗಿ ಕೂತಾಗಿತ್ತು, ತುಂಡು ತುಂಡಾಗಿ. ಒಬ್ಬರನ್ನು ಬಿಡಬೇಕು ಅಂದರೆ 61 ಜನರದ್ದನ್ನೂ ಕೆಡವಬೇಕು.

ನನ್ನ ಮನಸ್ಸು ತಿರುಗಿಸಿದ್ದು ಒಂದು ಹಳೇ ಪುಸ್ತಕ. ಮದ್ರಾಸ್ ಮ್ಯೂಸಿಯಮ್ಮಿನ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ತಂದ. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಕೊರಗರ ಬಗ್ಗೆ ಅದರಲ್ಲಿ ಪುಟಗಟ್ಟಲೆ ಇದೆ. ದಾರಿಯಲ್ಲಿ ಉಗುಳಬಾರದು ಅಂತ ಕುತ್ತಿಗೆಗೆ ಅಂಡೆ ಕಟ್ಟಿಕೊಂಡು ಓಡಾಡಬೇಕಿದ್ದ ಅಂಡೆ ಕೊರಗರ ವಿಷಯವೂ ಇದೆ. ಜನರ ತಲೆ, ಮೂಗಿನ ಅಳತೆ ತೆಗೆದು ಜಾತಿ ಲೆಕ್ಕ ಹಾಕುತ್ತಿದ್ದ ಮನುಷ್ಯ ಆತ. ಇವತ್ತಿಗೂ ಸಂಶೋಧಕರು ಆ ಪುಸ್ತಕ ಉದ್ಧರಿಸುತ್ತಾರೆ. ಸಾಕ್ಷಿ ಅಂತ ನಾವೂ ಉಪಯೋಗಿಸಿದ್ದೇವೆ. ಆದರೆ ಆ ಪುಟಗಳಲ್ಲಿರುವ ಒಬ್ಬ ಕೊರಗನಿಗಾದರೂ 'ಬೇಡ, ಇದನ್ನು ತೆಗಿ' ಅನ್ನುವ ಅವಕಾಶ ಇತ್ತಾ? ಇಲ್ಲಿ ಒಬ್ಬರು ಅಂದಿದ್ದಾರೆ. ಬಾಯಿ ಬಿಟ್ಟು, ನನ್ನ ಮುಖ ನೋಡಿ ಅಂದಿದ್ದಾರೆ. ನಾನು ಮುಂದುವರಿಸಿದರೆ ಥರ್ಸ್ಟನ್ನಿಗೂ ನನಗೂ ಏನು ವ್ಯತ್ಯಾಸ? ನನ್ನ ಕೈಯಲ್ಲಿ ಅಳತೆ ಟೇಪಿನ ಬದಲು ಮೊಬೈಲು, ಅಷ್ಟೇ.

ಅಜಲಿನ ವಿಷಯದಲ್ಲಿ ಇನ್ನೊಂದು ಮಾತು. ಅದು ಬರೀ ಕೊಳಕು ಅನ್ನದ ಪ್ರಶ್ನೆ ಅಲ್ಲ. ನಿನ್ನ ಹೊಟ್ಟೆಗೆ ಏನು ಹೋಗಬೇಕು ಅಂತ ನಾವು ತೀರ್ಮಾನ ಮಾಡುತ್ತೇವೆ, ನಿನಗೆ ಬೇಡ ಅನ್ನುವ ಹಕ್ಕಿಲ್ಲ, ಅದು ಅಜಲು. ಅಂಥದ್ದನ್ನು ಅನುಭವಿಸಿದವರ 'ಬೇಡ' ಕೇಳಿಸಿಕೊಳ್ಳದೆ ಅಜಲಿನ ದಾಖಲೆ ಮಾಡುವುದು ಎಂಥ ದಾಖಲೆ?

ಸಂಗಾತಿ ಹೇಳಿದ ಸಾಕ್ಷಿಯ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಂದು ಸಾಕ್ಷಿ ಕಳೆದುಕೊಂಡದ್ದು ನಷ್ಟವೇ. ಆದರೆ ಆ ನಷ್ಟ ಭರ್ತಿ ಮಾಡುವ ಕೆಲಸ ಅಜ್ಜಿಯದಲ್ಲ, ನಮ್ಮದು.

ಸರಿ, ಅಪ್‌ಲೋಡ್ ನಿಲ್ಲಿಸಿದೆ. ಓಡುತ್ತಿದ್ದ ಸ್ಕ್ರಿಪ್ಟ್ ಬಂದ್ ಮಾಡಿದೆ, ಕಿಟಕಿ ಮುಚ್ಚಿದೆ, ಲ್ಯಾಪ್‌ಟಾಪ್ ಮುಚ್ಚಿದೆ. ಬೆಳಿಗ್ಗೆ ಮೊಮ್ಮಗಳ ಫೋನಿಗೆ ಮಾಡಿ ಅಜ್ಜಿ ಹತ್ತಿರ "ತೆಗೆದೆ ಅಜ್ಜಿ" ಅಂದೆ. "ಆಯ್ತ್ ಮಗಾ" ಅಂದರು. ಮನಸ್ಸು ಹಗುರ ಆಯಿತು.

ಮೂರು ದಿನ ಆದಮೇಲೆ ನಮ್ಮ ತಂಡದಲ್ಲಿ ಕಂಪ್ಯೂಟರ್ ಕೆಲಸ ತಿಳಿದ ತಂಗಿ ಒಬ್ಬಳು ಕೇಳಿದಳು: "ಅಣ್ಣಾ, ನಿಲ್ಸಿದ್ರಾ, ಅಬಾರ್ಟ್ ಮಾಡಿದ್ರಾ?"

ಎರಡೂ ಒಂದೇ ಅಲ್ವಾ ಅಂದೆ. ಅವಳು ತಲೆ ಚಚ್ಚಿಕೊಂಡಳು. ಅಕೌಂಟ್ ತೆರೆದು, ಮುಗಿಯದ ಅಪ್‌ಲೋಡುಗಳ ಪಟ್ಟಿ ಕೇಳುವ ಕಮಾಂಡ್ ಕೊಟ್ಟಳು. ಮಾಮೂಲಾಗಿ ಫೈಲುಗಳನ್ನು ನೋಡುವ ಜಾಗದಲ್ಲಿ ಏನೂ ಇರಲಿಲ್ಲ, ಖಾಲಿ. ಈ ಪಟ್ಟಿಯಲ್ಲಿ ಮಾತ್ರ ಮೂರು ಸಾಲು ಬಂತು. ಜೂನಿನದ್ದು, 294 ಜಿಬಿ. ಮಾರ್ಚಿನದ್ದು, 102 ಜಿಬಿ. ಡಿಸೆಂಬರಿನದ್ದು, 38 ಜಿಬಿ. ಮೂರೂ ಹಾಗೇ ಕೂತಿದ್ದವು. ಮಾರ್ಚಿನದ್ದರಲ್ಲೂ ಬೈಂದೂರು ಫೋಲ್ಡರ್ ಹೋಗಿತ್ತು. ಅಂದರೆ ಅಜ್ಜಿಯ ಮಾತು ಒಂದಲ್ಲ, ಎರಡು ಕಡೆ ಇತ್ತು. ನಾನು ಅಜ್ಜಿಗೆ ಹೇಳಿದ್ದು ಸುಳ್ಳಾಗಿತ್ತು.

ತಿಂಗಳು ತಿಂಗಳು ಮುನ್ನೂರು ಚಿಲ್ಲರೆ ರೂಪಾಯಿ ಬಿಲ್ ಬರುತ್ತಿತ್ತು. ಏನೋ ಕನಿಷ್ಠ ಶುಲ್ಕ ಇರಬೇಕು ಅಂತ ಕಟ್ಟುತ್ತಿದ್ದೆ. ಅದು ಈ ಅರ್ಧಂಬರ್ಧ ತುಂಡುಗಳ ಬಾಡಿಗೆ. ಇನ್ನೊಂದು ತಮಾಷೆ ಕೇಳಿ. ಮುಗಿಯದ ತುಂಡುಗಳಿಗೆ ಅಟ್ಟದ ಬಾಡಿಗೆ ಅಲ್ಲ, ಚಾವಡಿಯ ಬಾಡಿಗೆ. ಆರ್ಕೈವಿನ ಕಡಿಮೆ ದರ ಸಿಗುವುದು ಫೈಲು ಪೂರ್ತಿ ಆದಮೇಲೆ ಮಾತ್ರ. 412 ಜಿಬಿ ಪೂರ್ತಿ ಮುಗಿಸಿ ಇಟ್ಟಿದ್ದರೆ ಬರುತ್ತಿದ್ದ ಬಿಲ್ಲಿಗಿಂತ ಮುಗಿಸದೆ ಬಿಟ್ಟ 140 ಜಿಬಿಯ ಬಿಲ್ ಹೆಚ್ಚು. ಕಂಪನಿಯ ಹೆಸರು ಬರೆಯುತ್ತಿಲ್ಲ, ಯಾಕಂದರೆ ದೂರು ಅವರ ಮೇಲಲ್ಲ. ನಿಯಮ ಎಲ್ಲ ಬರೆದೇ ಇಟ್ಟಿದ್ದಾರೆ. ಓದದವನು ನಾನು.

ಆ ರಾತ್ರಿ ಒಂದೊಂದರ ಐಡಿ ಹಾಕಿ ಮೂರನ್ನೂ ರದ್ದು ಮಾಡಿದೆವು. 'ಖಂಡಿತವಾ?' ಅಂತಲೂ ಕೇಳಲಿಲ್ಲ ಅದು. ಕಮಾಂಡ್ ಕೊಟ್ಟೆವು, ಏನೂ ಹೇಳದೆ ಮುಂದಿನ ಸಾಲಿಗೆ ಬಂತು. 4,700 ತುಂಡು, ಒಂಬತ್ತು ರಾತ್ರಿ, ಒಂದು ಸೆಕೆಂಡು. ಮತ್ತೆ ಪಟ್ಟಿ ಕೇಳಿದೆವು. ಖಾಲಿ. ಇನ್ನೊಮ್ಮೆ ಕೇಳಿದೆವು. ಖಾಲಿ.

ಆಮೇಲೆ ಸುಮಾರು ಹೊತ್ತು ಮಾತಾಡದೆ ಕೂತಿದ್ದೆ. ನಷ್ಟದ ಬೇಜಾರಲ್ಲ. ನಿಲ್ಲಿಸುವುದಕ್ಕೂ ರದ್ದು ಮಾಡುವುದಕ್ಕೂ ಇರುವ ಅಂತರ ನಮಗೆ ಗೊತ್ತಿರಬೇಕಿತ್ತಲ್ಲ ಅಂತ. ನಾವು ಹುಟ್ಟಿದ್ದೇ ಆ ಅಂತರದಲ್ಲಿ. ಅಸ್ಪೃಶ್ಯತೆ ರದ್ದಾಗಿದೆ ಅಂತ ಸಂವಿಧಾನದ 17ನೇ ವಿಧಿ ಹೇಳಿ ಎಪ್ಪತ್ತೈದು ವರ್ಷ ದಾಟಿತು. ಕಣ್ಣಿಗೆ ಕಾಣುವ ಜಾಗದಲ್ಲಿ ನೋಡಿದರೆ ಖಾಲಿ. ಬೇರೆ ಪಟ್ಟಿ ಕೇಳಿ ನೋಡಿ, ಬಾಡಿಗೆ ಮನೆ ಕೇಳಲು ಹೋಗಿ ನೋಡಿ, ಸಾಲು ಸಾಲು ಬರುತ್ತದೆ. ಬಿಲ್ ಕಟ್ಟುತ್ತಿರುವವರು ನಾವು. ನಮ್ಮ ಅರ್ಜಿಗಳ ಗತಿಯೂ ಅಷ್ಟೇ. ಕೊರಗ ಕುಟುಂಬಕ್ಕೆ ತಲಾ ಎರಡೂವರೆ ಎಕರೆ ಭೂಮಿ ಕೊಡಿ ಅಂತ ಡಾ. ಮಹಮ್ಮದ್ ಪೀರ್ ವರದಿ ಶಿಫಾರಸು ಮಾಡಿ ಮೂವತ್ತು ವರ್ಷ ದಾಟಿತು. ಇವತ್ತಿಗೂ ಧರಣಿ ಕೂರುವುದು ಅದಕ್ಕೇ. ಮಂಜೂರೂ ಅಲ್ಲ, ತಿರಸ್ಕಾರವೂ ಅಲ್ಲ, 'ಬಾಕಿ'. ಬೇರೆಯವರು ನಮ್ಮನ್ನು ಹಾಗೆ ಬಾಕಿ ಇಟ್ಟರೆ ಬೀದಿಗೆ ಇಳಿಯುವ ನಾನು, ಒಬ್ಬ ಅಜ್ಜಿಯ ಮಾತನ್ನು ಮೂರು ತಿಂಗಳು ಬಾಕಿ ಇಟ್ಟಿದ್ದೆ.

ಮರುದಿನ ಮತ್ತೆ ಬೈಂದೂರಿಗೆ ಹೋದೆ. ಫೋನಿನಲ್ಲಿ ಹೇಳುವುದಲ್ಲ ಅನ್ನಿಸಿತು. ಮೊನ್ನೆ ಹೇಳಿದ್ದು ತಪ್ಪಾಗಿತ್ತು ಅಜ್ಜಿ, ಪೂರ್ತಿ ಹೋಗಿರಲಿಲ್ಲ, ನಿನ್ನೆ ರಾತ್ರಿ ಹೋಯಿತು ಅಂದೆ. ಹೇಗೆ ಅಂತ ಕೇಳಿದರು. ನನಗೆ ತಿಳಿದ ಹಾಗೆ ಹೇಳಿದೆ. ತುಂಡು ತುಂಡಾಗಿ ಕಳಿಸುವುದು, ಕೊನೆಗೆ ಕೂಡಿಸುವುದು, ಕೂಡಿಸುವ ಮೊದಲೇ ನಾವು ಬೇಡ ಅಂದದ್ದು. ಅಜ್ಜಿಗೆ ನನಗಿಂತ ಬೇಗ ಅರ್ಥ ಆಯಿತು.

"ಬುಟ್ಟಿ ಹಾಂಗೆ. ಬಾಯಿ ಕಟ್ಟುಕ್ ಮುಂಚೆ ಬಿಚ್ಚಿರೆ ಬಳ್ಳಿ ಬಳ್ಳಿಯಾಯೇ ಬತ್ತ್. ಬಾಯಿ ಕಟ್ಟಿದ್ ಮೇಲೆ ಬಿಚ್ಚುಕ್ ಹೋರೆ ತುಂಡಾತ್ತ್. ಮುಂಚೆ ಬಿಚ್ಚಿದ್ಯಲೆ, ಒಳ್ಳೇದಾಯ್ತ್."

ನನ್ನ ಡಿಸ್ಕಿನಲ್ಲಿ ಇರುವ ಕಾಪಿಯನ್ನು ಏನು ಮಾಡಲಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಹುಡ್ಗಿಗ್ ಕೊಡು" ಅಂದರು. ಪೆನ್ ಡ್ರೈವಿಗೆ ಹಾಕಿ ಮೊಮ್ಮಗಳ ಕೈಗೆ ಕೊಟ್ಟೆ. ಅವಳ ಎದುರೇ ನಮ್ಮ ಡಿಸ್ಕಿನಿಂದ ಅಳಿಸಿದೆ. ಹೆಬ್ಬೆಟ್ಟಿನ ಕಾಗದವನ್ನೂ ಕೊಟ್ಟೆ.

ಈಗ ಕೆಲಸದ ಮಾತು. ದಾಖಲೆ ಮಾಡುವ ಸಂಗಾತಿಗಳೇ, ದಯವಿಟ್ಟು ಗಮನಿಸಿ.

ಅಪ್‌ಲೋಡ್ ನಿಂತರೆ ರದ್ದಾದ ಹಾಗಲ್ಲ. ಕೆಲವು ಕಡೆ ಅದು ತಾನಾಗಿ ಹೋಗುತ್ತದೆ, ಕೆಲವು ಕಡೆ ಹೋಗುವುದಿಲ್ಲ. ಗೂಗಲ್ ಕ್ಲೌಡಿನ ರಿಸ್ಯೂಮಬಲ್ ಅಪ್‌ಲೋಡ್ ಒಂದು ವಾರಕ್ಕೆ ಮುಗಿದುಹೋಗುತ್ತದೆ. ಆಜೂರ್‌ನಲ್ಲೂ ಕೂಡಿಸದೆ ಬಿಟ್ಟ ತುಂಡುಗಳು ಒಂದು ವಾರದ ಮೇಲೆ ಹೋಗುತ್ತವೆ. ಅಮೆಜಾನ್ ಎಸ್3ಯಲ್ಲಿ ನೀವು ರದ್ದು ಮಾಡುವವರೆಗೆ ಅಥವಾ ಇಷ್ಟು ದಿನದ ಮೇಲೆ ಅಳಿಸು ಅಂತ ಲೈಫ್‌ಸೈಕಲ್ ನಿಯಮ ಹಾಕುವವರೆಗೆ ಇದ್ದೇ ಇರುತ್ತವೆ. ಅಕೌಂಟ್ ಮಾಡಿದ ದಿನವೇ ಏಳು ದಿನದ ನಿಯಮ ಹಾಕಿಬಿಡಿ.

ಫೈಲುಗಳ ಪಟ್ಟಿಯಲ್ಲಿ ಇವು ಕಾಣುವುದಿಲ್ಲ. ಮುಗಿಯದ ಅಪ್‌ಲೋಡುಗಳ ಪಟ್ಟಿಯನ್ನೇ ಬೇರೆ ಕೇಳಬೇಕು. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೂರಿಸಿಕೊಳ್ಳಿ, ಮರ್ಯಾದೆ ಹೋಗುವುದಿಲ್ಲ.

ರದ್ದು ಮಾಡುವ ಮೊದಲು ಓಡುತ್ತಿರುವ ಅಪ್‌ಲೋಡ್ ನಿಲ್ಲಿಸಿ. ದಾರಿಯಲ್ಲಿರುವ ತುಂಡು ರದ್ದಾದ ಮೇಲೂ ಹೋಗಿ ಕೂರಬಹುದು. ರದ್ದು ಮಾಡಿ, ಪಟ್ಟಿ ನೋಡಿ, ಇದ್ದರೆ ಮತ್ತೆ ರದ್ದು ಮಾಡಿ. ಒಮ್ಮೆ ರದ್ದಾದರೆ ಆ ಐಡಿಯಲ್ಲಿ ಮುಂದುವರಿಸಲು ಆಗುವುದಿಲ್ಲ, ಮೊದಲಿಂದ ಶುರು. ಪೂರ್ತಿ ಆದದ್ದನ್ನು ರದ್ದು ಮಾಡಲು ಬರುವುದಿಲ್ಲ, ಅಳಿಸಬೇಕು, ಆರ್ಕೈವ್ ಆದರೆ 90 ಅಥವಾ 180 ದಿನದ ಬಾಡಿಗೆಯ ಲೆಕ್ಕ ಬರುತ್ತದೆ.

ಎಲ್ಲರನ್ನೂ ಒಂದೇ ಗಂಟು ಕಟ್ಟಬೇಡಿ. ಒಬ್ಬರಿಗೆ ಒಂದು ಫೈಲು. ಒಬ್ಬರು ಬೇಡ ಅಂದರೆ ಅವರದ್ದು ಮಾತ್ರ ತೆಗೆಯಲು ಬರಬೇಕು. ಅದು ಕಷ್ಟ ಆಗುವ ಹಾಗೆ ಕಟ್ಟಿದರೆ, 'ಬೇಡ' ಅನ್ನುವುದನ್ನೇ ಕಷ್ಟ ಮಾಡಿದ ಹಾಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದನ್ನೇ ಹೇಳುತ್ತದೆ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದೆ ಪಡೆಯುವುದೂ ಅಷ್ಟು ಸುಲಭ ಇರಬೇಕು ಅಂತ. ನಮ್ಮಂಥ ಸಣ್ಣ ತಂಡಕ್ಕೆ ಅದು ಎಷ್ಟು ಅನ್ವಯಿಸುತ್ತದೆ ಅನ್ನುವುದು ವಕೀಲರ ವಿಷಯ. ಅಜ್ಜಿಗೆ ಅನ್ವಯಿಸುತ್ತದೆ, ನನಗೆ ಅಷ್ಟು ಸಾಕು.

ಈಗ ನಾವು ಮತ್ತೆ ಮನೆಮನೆಗೆ ಹೋಗುತ್ತಿದ್ದೇವೆ. ತೀರಿಹೋದವರ ಮಕ್ಕಳ ಹತ್ತಿರ ಕೇಳುತ್ತಿದ್ದೇವೆ. ಎಲ್ಲಿ ಇಡುತ್ತೇವೆ, ಯಾರ ಕಟ್ಟಡ, ಯಾರು ಕೇಳಬಹುದು, ನಾಳೆ ಬೇಡ ಅನ್ನಿಸಿದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲ ಹೇಳಿ. ಹೆಚ್ಚಿನವರು ಇಡಿ ಅಂದಿದ್ದಾರೆ. ಬ್ರಹ್ಮಾವರದ ಕಡೆಯ ಒಬ್ಬ ಅಜ್ಜ, "ಇಡು, ನನ್ ಹೆಸ್ರ್ ದೊಡ್ಡದಾಯಿ ಬರಿ, ಆ ಮನೆಯವ್ರ್ ಓದ್ಲಿ" ಅಂದರು. ಇನ್ನೂ ಕೆಲವರು ಬೇಡ ಅಂದರು. ಬೇಡ ಅಂದವರಿಗೆ ಪೆನ್ ಡ್ರೈವ್ ಕೊಟ್ಟು ಬರುತ್ತಿದ್ದೇವೆ. ಕೆಲಸ ನಿಧಾನ ಆಗಿದೆ. ಆಗಲಿ.

ಇದನ್ನು ಬರೆಯುವ ಮೊದಲು ಅಜ್ಜಿಯನ್ನೂ ಮೊಮ್ಮಗಳನ್ನೂ ಕೇಳಿದೆ. ಹೆಸರು, ಊರು ಬೇಡ, ಅಜ್ಜಿ ನನಗೆ ಹೇಳಿದ್ದರಲ್ಲಿ ಒಂದು ಮಾತೂ ಬೇಡ ಅಂದರು. ಹಾಗಾಗಿ ಮೇಲೆ ಅಜಲಿನ ಬಗ್ಗೆ ಬರೆದದ್ದು ಎಲ್ಲರಿಗೂ ಗೊತ್ತಿರುವುದು ಮಾತ್ರ. ಕಮೆಂಟಿನಲ್ಲಿ ಯಾರು, ಎಲ್ಲಿ ಅಂತ ಕೇಳಬೇಡಿ, ಊಹೆಯನ್ನೂ ಮಾಡಬೇಡಿ.

ಪೆನ್ ಡ್ರೈವ್ ಮೊಮ್ಮಗಳ ಹತ್ತಿರ ಇದೆ. ಇನ್ನೂ ಕೇಳಿಲ್ಲವಂತೆ. "ಯಾವಾಗ್ಲೋ ಕೇಂತೆ ಅಣ್ಣಾ, ಈಗ್ಲೇ ಅಲ್ಲ" ಅಂದಳು. ಅದು ಅವಳಿಗೆ ಬಿಟ್ಟದ್ದು.

ಇವತ್ತು ರಾತ್ರಿ ನಿಮ್ಮ ಅಕೌಂಟ್ ತೆರೆದು ಆ ಪಟ್ಟಿ ಒಮ್ಮೆ ನೋಡಿ.

ಜೈ ಭೀಮ್.